ಬೆನ್ನುಗಳ ಚಿತ್ರಕಾರ

ಮಾರ್ಟಿನ್ ಲಾಫರ್ಟಿ ಎಂಬ ಐರಿಷ್ ಚಿತ್ರಕಾರ ತನ್ನ ಬದುಕಿನ ಕೊನೆಯ ಹದಿನೇಳು ವರ್ಷಗಳಲ್ಲಿ ಒಂದೇ ಒಂದು ಮುಖವನ್ನೂ ಬರೆಯಲಿಲ್ಲ. ಅವನ ಚಿತ್ರಗಳಲ್ಲಿ ಜನರಿದ್ದರು. ಆದರೆ ಎಲ್ಲರೂ ನೋಡುವವನಿಗೆ ಬೆನ್ನು ಹಾಕಿ ದೂರ ಸರಿಯುತ್ತಿದ್ದರು. ಬೆಸ್ತರಾಗಲಿ, ಸನ್ಯಾಸಿನಿಯರಾಗಲಿ, ಹಡಗು ಹತ್ತುವವರಾಗಲಿ, ಎಲ್ಲರದೂ ಬರೀ ಬೆನ್ನು.

ಕುಶಾಲನಗರದ ಸಿದ್ದಬಸಪ್ಪನವರು ಮೂವತ್ತೊಂದು ವರ್ಷ ಡ್ರಾಯಿಂಗ್ ಮೇಷ್ಟರಾಗಿ ದುಡಿದವರು. ಈ ಬೆನ್ನುಗಳಲ್ಲಿ ಅವರು ಒಂದು ನೀತಿಯನ್ನು ಕಂಡಿದ್ದರು. "ಮುಖ ಬರೆಯುವುದು ಸುಲಭ ಕಣ್ರೋ," ಎಂದು ಮಕ್ಕಳಿಗೆ ಹೇಳುತ್ತಿದ್ದರು. "ಬಡವನ ಮುಖವನ್ನು ಕೇಳದೆ ಎತ್ತಿಕೊಂಡು ಹೋಗಿ ಮಾರಿದವರು ಬೇಕಾದಷ್ಟು ಜನ ಇದ್ದಾರೆ. ಲಾಫರ್ಟಿ ಹಾಗೆ ಮಾಡಲಿಲ್ಲ. ಬೆನ್ನಿನಲ್ಲಿ ದಣಿವು ಬರೆದ. ಅದಕ್ಕೆ ವಿನಯ ಬೇಕು." ಮಕ್ಕಳು ತಲೆಯಾಡಿಸಿ, ಗಂಟೆ ಹೊಡೆದೊಡನೆ ಓಡುತ್ತಿದ್ದರು. ಮೇಷ್ಟರ ನಂಬಿಕೆ ಮಾತ್ರ ವರ್ಷದಿಂದ ವರ್ಷಕ್ಕೆ ಗಟ್ಟಿಯಾಯಿತು.

ಲಾಫರ್ಟಿಯ ಬದುಕೂ ಆ ನಂಬಿಕೆಗೆ ಒದಗಿ ಬರುವಂಥದ್ದೇ. ಐರ್ಲೆಂಡಿನ ಪಶ್ಚಿಮ ತೀರದ ಗೇಣಿದಾರನ ಮಗ. ಹದಿನೆಂಟರ ಪ್ರಾಯದಲ್ಲಿ ಊರಿನ ಆಲೂಗಡ್ಡೆಯೆಲ್ಲ ಮಣ್ಣಿನಲ್ಲೇ ಕೊಳೆತು ಬರ ಬಂತು. ತಾಯಿ, ಇಬ್ಬರು ತಂಗಿಯರು ಹಸಿವಿನಲ್ಲಿ ಸತ್ತರು. ಪೆಟ್ಟಿಗೆಯಿಲ್ಲದೆ, ಕಲ್ಲಿಲ್ಲದೆ, ನೂರಾರು ಹೆಣಗಳೊಂದಿಗೆ ಒಂದೇ ಗುಂಡಿಗೆ ಹೋದರು. ಡಬ್ಲಿನ್ನಿನಲ್ಲಿ ಚಿತ್ರ ಕಲಿತ ಅವನು ಶ್ರೀಮಂತರ ಭಾವಚಿತ್ರ ಬರೆದು ಸೋತ. ಕೊಡಗಿನಲ್ಲಿ ಕಾಫಿ ತೋಟ ಮಾಡಿದ್ದ ದಾಯಾದಿಯೊಬ್ಬ ಕರೆಸಿಕೊಂಡಾಗ, ೧೮೬೧ರಲ್ಲಿ, ಮಂಗಳೂರಿನಲ್ಲಿಳಿದು ಎತ್ತಿನ ಗಾಡಿಯಲ್ಲಿ ಘಟ್ಟ ಹತ್ತಿ ಬಂದ. ಮೂರು ವರ್ಷ ಇದ್ದ. ಇಲ್ಲಿ ಅವನು ಬರೆದ ದೊಡ್ಡ ತೈಲಚಿತ್ರ ಒಂದೇ: 'ಸಂಜೆ, ಕೊಯ್ಲಿನಿಂದ ಮರಳುವವರು'. ನೆಲ್ಯಹುದಿಕೇರಿಯ ಕಡೆಯ ಕರಡಿಮೊಟ್ಟೆ ಎಸ್ಟೇಟಿನ ಹನ್ನೆರಡು ಮಂದಿ ಕಾಲುದಾರಿಯಲ್ಲಿ ಇಳಿದುಹೋಗುತ್ತಿದ್ದಾರೆ. ತೆಳುವಾದ ಕಂದು ಬಣ್ಣದ ಮೇಲೆ ಬೂದು ಹಸಿರು. ಬಟ್ಟೆಗಳ ಬಿಳುಪಿಗೆ ಬಣ್ಣವನ್ನೇ ಹಚ್ಚದೆ ಬಿಟ್ಟ ಕ್ಯಾನ್ವಾಸು. ಮುನ್ನೆಲೆಯಲ್ಲಿ ಒರಟು ಕುಂಚದಲ್ಲಿ ತಿಕ್ಕಿದ, ಸ್ವಲ್ಪ ಉಬ್ಬಿದ ಕೆಂಪು ಮಣ್ಣು ಮಾತ್ರ. ಆ ಚಿತ್ರವನ್ನು ಅವನ ದೇಶದವರು ಕೊಂಡಾಡಿದರು. ಅನಂತರ ಅವನು ಬೆನ್ನುಗಳನ್ನು ಬಿಟ್ಟು ಬೇರೇನನ್ನೂ ಬರೆಯಲಿಲ್ಲ.

ಆ ಚಿತ್ರದ ಬಗ್ಗೆ ಲಾಫರ್ಟಿ ತಮ್ಮನಿಗೆ ಬರೆದ ಪತ್ರದ ನಕಲನ್ನೂ, ಚಿತ್ರದ ಬಣ್ಣದ ಛಾಯಾಪ್ರತಿಯನ್ನೂ ಐರ್ಲೆಂಡಿನ ಸಂಗ್ರಹಾಲಯವೊಂದು ಸಿದ್ದಬಸಪ್ಪನವರಿಗೆ ಎಂದೋ ಕಳಿಸಿತ್ತು. 'ಮೂರು ಸಲ ಕೂಗಿದೆ, ಒಬ್ಬರೂ ತಿರುಗಲಿಲ್ಲ. ಇಂಥ ಮಾದರಿಗಳು ನನಗೆ ಡಬ್ಲಿನ್ನಿನಲ್ಲಿ ಸಿಕ್ಕಿರಲಿಲ್ಲ' ಎಂದು ಅದರಲ್ಲಿತ್ತು. ದೊರೆ ಕೂಗಿದರೂ ತಿರುಗದ ಕೂಲಿಗಳ ಸ್ವಾಭಿಮಾನ, ಅದನ್ನು ಮೆಚ್ಚಿದ ಕಲಾವಿದನ ದೊಡ್ಡತನ, ಈ ಎರಡನ್ನೂ ಸೇರಿಸಿ ಮೇಷ್ಟರು ನೂರನಲವತ್ತು ಪುಟಗಳ ಪುಸ್ತಕ ಬರೆದರು.

ಅದನ್ನು ಅಚ್ಚು ಹಾಕಿಸಿದ್ದು ಕರಡಿಮೊಟ್ಟೆಯ ಈಗಿನ ಮಾಲೀಕರು. ತೋಟದ ಒಂದು ಭಾಗವನ್ನು ಅವರು ರೆಸಾರ್ಟ್ ಮಾಡಿದ್ದರು. ಮೇಷ್ಟರು ಪೆನ್ಸಿಲನ್ನು ತೋಳಿನಳತೆಯಲ್ಲಿ ಹಿಡಿದು, ಬೆಟ್ಟದ ಕಣಿವೆಯನ್ನೂ ಕಾವೇರಿಯ ತಿರುವನ್ನೂ ದಾರ ಹಿಡಿದು ಚಿತ್ರದೊಂದಿಗೆ ಹೊಂದಿಸಿ, ಲಾಫರ್ಟಿ ಕುಳಿತು ಬರೆದ ದಿಣ್ಣೆ ಇದೇ ಎಂದು ಮೂರು ವರ್ಷದ ಹಿಂದೆ ಗುರುತಿಸಿದ್ದರು. ಅಲ್ಲಿ ಕಂಬಗಳ ಮೇಲೊಂದು ಅಟ್ಟಣೆ ಕಟ್ಟಿ, ಅತಿಥಿಗಳಿಗೆ ಆ ನೋಟ ತೋರಿಸುವುದು ರೆಸಾರ್ಟಿನ ಯೋಜನೆ. ಮ್ಯಾನೇಜರ್ ನವೀನ್‌ಕುಮಾರ್ ಒಂದು ದೃಢೀಕರಣ ಪತ್ರ ಕೇಳಿದ್ದ. "ಕೊನೇಲಿ ಒಂದೇ ಒಂದು ಸಾಲು ಸೇರಿಸಿಬಿಡಿ ಸಾರ್, ಚಿತ್ರದಲ್ಲಿ ಸಮಾಧಿ, ಗುಡಿ, ಮನೆ ಏನೂ ಕಾಣಲ್ಲ ಅಂತ. ತಾಲ್ಲೂಕು ಆಫೀಸಿನವರ ಸಮಾಧಾನಕ್ಕೆ." ಚಿತ್ರದಲ್ಲಿ ಕಾಣುತ್ತಿರಲಿಲ್ಲ, ಸುಳ್ಳೇನೂ ಅಲ್ಲ. ಮೇಷ್ಟರು ತಮ್ಮ ದುಂಡು ಅಕ್ಷರದಲ್ಲಿ ಆ ಸಾಲನ್ನು ಬರೆದು ಸಹಿ ಹಾಕಿದರು.

ಪುಸ್ತಕ ಬಿಡುಗಡೆಗೆ ಹನ್ನೆರಡು ದಿನವಿದ್ದಾಗ, ಜನವರಿಯ ಒಂದು ಬೆಳಿಗ್ಗೆ, ಮಾದ ಅವರ ಜಗುಲಿಗೆ ಬಂದು ನಿಂತ. ಕರಡಿಮೊಟ್ಟೆಯ ಅಂಚಿನ ಆದಿವಾಸಿ ಹಾಡಿಯವನು, ಅರವತ್ತರ ಆಸುಪಾಸಿನವನು. ದಿಣ್ಣೆ ಹುಡುಕುವಾಗ ಕತ್ತಿ ಹಿಡಿದು ಪೊದೆ ಸವರಿ ದಾರಿ ಮಾಡಿಕೊಟ್ಟಿದ್ದವನೂ ಅವನೇ.

"ನಮ್ಮ ಜಾಗದಲ್ಲಿ ಗುಂಡಿ ತೆಗೀತಿದ್ದಾರೆ ಮೇಷ್ಟ್ರೇ."

"ಯಾವ ಜಾಗ?"

"ನೀವು ತೋರಿಸಿದ ಜಾಗ."

ಮೇಷ್ಟರು ಕನ್ನಡಕ ತೆಗೆದರು. "ಅದು ನಿಮ್ಮದು ಹೇಗಾಯ್ತೋ?"

"ನಮ್ಮೋರನ್ನ ಮಣ್ಣು ಮಾಡೋದು ಅಲ್ಲೇ. ನಮ್ಮಪ್ಪ ಇದ್ದಾನೆ, ಅವರಪ್ಪ ಇದ್ದಾನೆ. ಹೋದ ವರ್ಷ ಚೋಮೀನ ಮಲಗಿಸಿದ್ದೂ ಅಲ್ಲೇ." ಚೋಮಿ ಅವನ ಹೆಂಡತಿ. "ಮ್ಯಾನೇಜರ್ನ ಕೇಳಿದ್ರೆ ಒಂದು ಕಾಗದ ತೋರಿಸ್ತಾನೆ. ಓದಿ ಹೇಳಪ್ಪ ಅಂದೆ. ಕೊನೇಲಿ ನಿಮ್ಮ ಹೆಸರು ಓದಿದ."

"ಅಲ್ಲಿ ಒಂದು ಕಲ್ಲೂ ಇಲ್ಲವಲ್ಲ ಮಾದ! ನಾನೇ ಅಳತೆ ಮಾಡಿದ್ದೇನೆ."

"ನಾವು ಕಲ್ಲು ನೆಡಲ್ಲ. ಯಾರು ಎಲ್ಲಿದ್ದಾರೆ ಅಂತ ನಮಗೆ ಗೊತ್ತಿದೆ."

"ಹಾಗಾದರೆ ಅವತ್ತೇ ಯಾಕೆ ಹೇಳಲಿಲ್ಲ?"

"ಹೇಳಿದ್ದೆ. ಅಲ್ಲಿ ಬೇಡ ಮೇಷ್ಟ್ರೇ ಅಂತ ಎರಡು ಸಲ ಅಂದೆ. ಪೊದೆ ಸವರಕ್ಕೆ ಸೋಮಾರಿತನ ನಿನಗೆ ಅಂದ್ರಿ."

ಮೇಷ್ಟರಿಗೆ ನೆನಪಾಯಿತು. ನೆನಪಾದದ್ದಕ್ಕೇ ಸಿಟ್ಟೂ ಬಂತು. ಒಳಗೆ ಹೋಗಿ ಪುಸ್ತಕದ ಅಚ್ಚಾದ ಪ್ರತಿ ತಂದು ಚಿತ್ರದ ಪುಟ ತೆರೆದು, "ನೋಡು, ಕೊಯ್ಲಿನಿಂದ ಬರುತ್ತಿರುವವರು. ನೂರರವತ್ತು ವರ್ಷದ ಹಿಂದಿನ ಸಾಕ್ಷಿ. ಇದರಲ್ಲಿ ಎಲ್ಲಿದೆ ಸ್ಮಶಾನ?" ಎಂದರು.

ಮಾದ ಪುಟವನ್ನು ನೋಡಿದ. ಕಾಫಿ ತಂದ ಮಹಾದೇವಮ್ಮನವರು ಗಂಡನ ಭುಜದ ಮೇಲಿಂದ ಬಗ್ಗಿ ನೋಡಿದರು.

"ಅಲ್ಲಾರೀ, ಕೊಯ್ಲಿಂದ ಬರೋರ ಹತ್ರ ಚೀಲ ಎಲ್ಲಿ? ಬುಟ್ಟಿ ಎಲ್ಲಿ?"

"ತೂಕಕ್ಕೆ ಒಪ್ಪಿಸಿ ಬಂದಿರುತ್ತಾರೆ. ಬರೆದಿದ್ದೇನೆ ಅದನ್ನೂ, ಮೂರನೇ ಅಧ್ಯಾಯದಲ್ಲಿ."

"ಮೂರನೇ ಅಧ್ಯಾಯದಲ್ಲಿ ಈ ಮುಂದಿರೋನ ಹೆಗಲ ಮೇಲಿನ ಗುದ್ದಲಿಗೂ ಏನೋ ಬರೆದಿರಬೇಕಲ್ಲ? ಗುದ್ದಲೀಲಿ ಕಾಫಿ ಹಣ್ಣು ಕೊಯ್ತಿದ್ರಾ ಆವಾಗ?"

"ನೀನು ಸುಮ್ಮನಿರು. ಇದು ಕಲೆಯ ವಿಷಯ."

"ಸುಮ್ಮನಿದ್ದೀನಿ. ನಿಮ್ಮಪ್ಪನ ಸಮಾಧಿ ಮೇಲೆ ಯಾರಾದ್ರೂ ಸ್ಟೂಲ್ ಹಾಕ್ಕೊಂಡು ಕೂತು ಕಲೆ ಮಾಡಿದ ದಿನ ಮಾತಾಡ್ತೀನಿ, ಬಿಡಿ."

ಕಾಫಿ ಕುಡಿದು ಲೋಟ ಕೆಳಗಿಟ್ಟ ಮಾದ, ಬಂದ ಕೆಲಸ ಹೇಳಿದ. ರಾತ್ರಿ ಹಾಡಿಯ ಮುದುಕಿಯೊಬ್ಬಳು ಸತ್ತಿದ್ದಳು. ಮಣ್ಣು ಮಾಡಲು ಕಾವಲಿನವರು ಬಿಡುತ್ತಿರಲಿಲ್ಲ. "ನಿಮ್ಮ ಮಾತು ಅವರಿಗೆ ನಡೆಯುತ್ತೆ. ಬಂದು ಒಂದು ಮಾತು ಹೇಳಿ."

ಸತ್ತವರಿಗೆ ನೆಲ ಬೇಡವೆನ್ನುವಷ್ಟು ಕೆಟ್ಟವರೇನೂ ಆಗಿರಲಿಲ್ಲ ಸಿದ್ದಬಸಪ್ಪನವರು. ಮಧ್ಯಾಹ್ನದ ಬಸ್ಸಿಗೆ ಮಾದನೊಡನೆ ಹೊರಟರು.

ಗೇಟಿನಲ್ಲಿ ನವೀನ್‌ಕುಮಾರ್ ಕೈ ಮುಗಿದ. "ನೀವು ಇಷ್ಟಕ್ಕೆಲ್ಲ ಬರಬೇಕಿತ್ತಾ ಸಾರ್? ಫೋನ್ ಮಾಡಿದ್ರೆ ಸಾಕಿತ್ತು. ನಿಮ್ಮ ಮುಖ ನೋಡಿ ಬಿಡ್ತೀನಿ. ಆದರೆ ಇದೇ ಕೊನೆ, ಆಯ್ತಾ ಮಾದ? ಅದೂ ನಮ್ಮ ಗುಂಡಿಗಳಿಂದ ಆಚೆ, ಮೂಲೇಲಿ." ಉಪಕಾರ ಮಾಡಿದವನ ನಗೆ ನಕ್ಕ. ಹೆಣ ಹೊತ್ತು ಹೊರಗೆ ಕಾಯುತ್ತಿದ್ದವರಿಗೆ ಆ ನಗೆ ಹೇಗೆ ಕಂಡಿತೋ, ಮೇಷ್ಟರು ಆಗ ಯೋಚಿಸಲಿಲ್ಲ.

ದಿಣ್ಣೆಯ ಮೇಲೆ ಕಂಬಗಳಿಗಾಗಿ ನಾಲ್ಕು ಚೌಕ ಗುಂಡಿ ತೆಗೆದಿದ್ದರು. ಆಳಕ್ಕೆ ಇನ್ನೂ ಹೋಗಿರಲಿಲ್ಲ. ಅವುಗಳಿಂದಾಚೆ, ಮೂಲೆಯಲ್ಲಿ, ಮುದುಕಿಯನ್ನು ಮಲಗಿಸಿ ಮಣ್ಣೆಳೆದರು. ಗೋಳಾಟವಿರಲಿಲ್ಲ. ಒಬ್ಬ ಗುದ್ದಲಿಯನ್ನು ಹೆಗಲಿಗೇರಿಸಿ ಮುಂದೆ ನಡೆದ, ಉಳಿದವರು ಹಿಂದೆ. ಮೇಷ್ಟರು ಬಿಸಿಲು ಕಣಿವೆಯಲ್ಲಿ ಇಳಿಯುವುದನ್ನು ನೋಡುತ್ತ ಒಬ್ಬರೇ ನಿಂತರು. ಚೋಮಿಯ ಜಾಗ ಯಾವುದೆಂದು ಕೇಳದೆ ಉಳಿಯಿತೆಂದು ಹೊಳೆದು ಕೂಗಿದರು:

"ಮಾದಾ!"

ಯಾರೂ ನಿಲ್ಲಲಿಲ್ಲ.

"ಏ ಮಾದಾ, ಇಲ್ಲಿ ನೋಡು!"

ಕೇಳಿಸದಷ್ಟು ದೂರವಿರಲಿಲ್ಲ. ತರಗತಿಯಲ್ಲಿ ಹೆಸರು ಹಿಡಿದು ಕೂಗಿದಾಗ ತಿರುಗದ ಹುಡುಗನ ಮೇಲೆ ಬರುತ್ತಿದ್ದ ಹಳೆಯ ಕೋಪ ಅವರ ಕುತ್ತಿಗೆಗೇರಿತು. ಮೂರನೆಯ ಸಲ ಕೂಗಲು ಬಾಯಿ ತೆರೆದವರು ತೆರೆದ ಬಾಯಲ್ಲೇ ನಿಂತುಬಿಟ್ಟರು.

ಇಳಿಯುವ ಕಾಲುದಾರಿ. ಸಂಜೆಯ ಬೂದು ಹಸಿರು. ಬಿಳಿ ಬಟ್ಟೆಗಳು. ಎಲ್ಲಕ್ಕಿಂತ ಮುಂದೆ ಹೆಗಲ ಮೇಲಿನ ಗುದ್ದಲಿ. ತಮ್ಮ ಕಾಲಬುಡದಲ್ಲಿ, ಆಗಷ್ಟೇ ಎಳೆದ, ಸ್ವಲ್ಪ ಉಬ್ಬಿದ ಕೆಂಪು ಮಣ್ಣು.

ಮಣ್ಣು ಮಾಡಿ ಬರುವವರು ತಿರುಗಿ ನೋಡುವುದಿಲ್ಲ. ಇದು ಮೇಷ್ಟರಿಗೆ ಗೊತ್ತಿಲ್ಲದ ಸಂಗತಿಯಲ್ಲ. ಶನಿವಾರಸಂತೆಯ ಕಡೆ ತಮ್ಮ ಹೊಲದಲ್ಲಿ ತಂದೆಯನ್ನು ಸಮಾಧಿ ಮಾಡಿ ಮರಳುವಾಗ, ಒಂಬತ್ತು ವರ್ಷದ ಅವರು ಹಿಂದಿರುಗಿ ನೋಡದಂತೆ ಚಿಕ್ಕಪ್ಪ ಕತ್ತಿನ ಹಿಂಬದಿಗೆ ಕೈಯಿಟ್ಟು ನಡೆಸಿಕೊಂಡು ಬಂದಿದ್ದರು. ತಮ್ಮ ಮನೆಯ ದುಃಖಕ್ಕೆ ಗೊತ್ತಿದ್ದ ನಿಯಮವನ್ನು ಇನ್ನೊಬ್ಬರ ದುಃಖದಲ್ಲಿ ಗುರುತಿಸಲು ಮೂವತ್ತು ವರ್ಷ ಅವರಿಗೆ ಸಾಧ್ಯವಾಗಿರಲಿಲ್ಲ. ಅದನ್ನು ಅವರು ಕಲಾವಿದನ ಶೈಲಿ ಎಂದು ಕರೆದಿದ್ದರು.

ರಸ್ತೆಯ ಬದಿಯಲ್ಲಿ ಮಾದ ಕಾಯುತ್ತಿದ್ದ. "ಕೂಗಿದ್ದು ಕೇಳಿಸ್ತು ಮೇಷ್ಟ್ರೇ. ತಿರುಗಬಾರದಲ್ಲ. ತಿರುಗಿದ್ರೆ ಹೋದೋರಿಗೆ ಹೋಗಕ್ಕಾಗಲ್ಲ. ಏನು ಹೇಳಬೇಕಿತ್ತು?"

"ಏನೂ ಇಲ್ಲ," ಎಂದರು ಮೇಷ್ಟರು.

ಮನೆಗೆ ಬಂದು ಲಾಫರ್ಟಿಯ ಪತ್ರವನ್ನು ಮತ್ತೆ ಓದಿದರು. ಮೂರು ಸಲ ಕೂಗಿದೆ. ಹೆಣ ಹೂತು ಹೊರಟವರನ್ನು, ಇನ್ನೂ ಹಸಿ ಆರದ ಗುಡ್ಡೆಯ ಪಕ್ಕ ಸ್ಟೂಲು ಹಾಕಿ ಕುಳಿತು, ಈ ಕಡೆ ತಿರುಗಿ ಎಂದು ಕೂಗಿದವನು! ಮಣ್ಣಿನ ಉಬ್ಬನ್ನು ಅಷ್ಟು ನಿಖರವಾಗಿ ಕಂಡವನಿಗೆ ಅದು ಏನೆಂದು ಗೊತ್ತಿರಲಿಲ್ಲವೆಂದರೆ ಯಾರು ನಂಬಬೇಕು? ಅವನ ತಾಯಿಯೂ ಕಲ್ಲಿಲ್ಲದ ಮಣ್ಣಿನಲ್ಲೇ ಮಲಗಿದ್ದಳು. ಗೊತ್ತಿದ್ದೂ 'ಕೊಯ್ಲಿನಿಂದ ಮರಳುವವರು' ಎಂದು ಹೆಸರಿಟ್ಟ. ಕೂಲಿಯವರ ಸಾವನ್ನು ಗೋಡೆಗೆ ತೂಗುಹಾಕಲು ಯಾವ ಶ್ರೀಮಂತ ತಾನೆ ಕೊಳ್ಳುತ್ತಾನೆ? ಕೂಲಿಯವರ ದುಡಿಮೆಯಾದರೆ ಕೊಳ್ಳುತ್ತಾನೆ. ಆಮೇಲೆ ಹದಿನೇಳು ವರ್ಷ ಆ ಹನ್ನೆರಡು ಮಂದಿಯಿಂದ ಕದ್ದ ಬೆನ್ನನ್ನೇ ಬೇರೆ ಬೇರೆ ಬಟ್ಟೆ ತೊಡಿಸಿ ಮಾರಿದ. ಹಸಿವನ್ನು ಕಂಡವನು ಹಸಿದವರಿಗೆ ಅನ್ಯಾಯ ಮಾಡಲಾರ ಎಂದು ತಾವು ಮಕ್ಕಳಿಗೆ ಎಷ್ಟು ಸಲ ಬೋರ್ಡಿನ ಮೇಲೆ ಬರೆದು ತೋರಿಸಿರಲಿಲ್ಲ!

"ಊಟ ಆರ್ತಾ ಇದೆ," ಎಂದರು ಮಹಾದೇವಮ್ಮ.

"ಗುದ್ದಲಿ ಅಂದೆಯಲ್ಲ. ನೀನು ಹೇಳಿದ್ದೇ ಸರಿ."

"ಹಾಗಾದ್ರೆ ನಾಳೆ ಬೆಳಿಗ್ಗೇನೇ ತಾಲ್ಲೂಕು ಆಫೀಸಿಗೆ ಹೋಗಿ ಹೇಳಿ."

ಇಲ್ಲಿ ಸಿದ್ದಬಸಪ್ಪನವರು ತಮ್ಮ ಜೀವನದ ಎರಡನೆಯ ದೊಡ್ಡ ತಪ್ಪು ಮಾಡಿದರು. ಅದನ್ನು ಮಾಡಿಸಿದ್ದು ಅವರ ಸಜ್ಜನಿಕೆ. ಯಾರ ಮೇಲಾದರೂ ದೂರು ಕೊಡುವ ಮೊದಲು ಅವರಿಗೇ ತಿಳಿಸಬೇಕು, ತಿದ್ದಿಕೊಳ್ಳಲು ಅವಕಾಶ ಕೊಡಬೇಕು, ಬೆನ್ನ ಹಿಂದೆ ನಡೆಯಬಾರದು: ಇದು ಅವರು ಶಾಲೆಯಲ್ಲಿ ಕಲಿಸಿದ್ದು, ತಾವೂ ಪಾಲಿಸಿದ್ದು. ಮರುದಿನ ಅವರು ತಾಲ್ಲೂಕು ಕಚೇರಿಗೆ ಹೋಗದೆ ಕರಡಿಮೊಟ್ಟೆಗೆ ಹೋದರು. ನವೀನ್‌ಕುಮಾರ್ ಕುರ್ಚಿ ಹಾಕಿಸಿ, ಕೈಕಟ್ಟಿ, ಎಲ್ಲವನ್ನೂ ಕೇಳಿದ.

"ನೀವು ಹೇಳೋದು ಹೃದಯಕ್ಕೆ ಮುಟ್ಟುತ್ತೆ ಸಾರ್. ಆದರೆ ಇನ್ವಿಟೇಶನ್ ಹಂಚಿಯಾಗಿದೆ. ಮಾಲೀಕರ ಹತ್ರ ಮಾತಾಡೋಕೆ ನಾಲ್ಕು ದಿನ ಟೈಮ್ ಕೊಡಿ. ಅಲ್ಲಿವರೆಗೂ ಎಲ್ಲೂ ಬರವಣಿಗೆಯಲ್ಲಿ ಕೊಡಬೇಡಿ, ಪ್ಲೀಸ್."

"ಕೆಲಸ ನಿಲ್ಲಿಸುತ್ತೀರಲ್ಲ?"

"ನೋಡೋಣ ಸಾರ್. ನೀವು ನಮ್ಮೋರು."

ನಾಲ್ಕು ದಿನ ಮೇಷ್ಟರು ಮಾತು ಉಳಿಸಿಕೊಂಡರು. ಮಾದನ ಫೋನು ಎರಡು ಸಲ ಬಂತು. "ಸ್ವಲ್ಪ ತಾಳು, ಅವರು ಯೋಚಿಸುತ್ತಿದ್ದಾರೆ," ಎಂದರು. ಐದನೆಯ ದಿನ ಮೂರನೆಯ ಫೋನು ಬಂತು. ಮಾದನ ದನಿಯಲ್ಲಿ ಏರಿಳಿತವಿರಲಿಲ್ಲ.

"ಕಾಂಕ್ರೀಟ್ ಹಾಕಿ ಮುಗಿಸಿದ್ರು ಮೇಷ್ಟ್ರೇ. ನಾಲ್ಕಕ್ಕೂ. ಹಗಲೂ ರಾತ್ರಿ ಕೆಲಸ ಮಾಡಿದ್ರು. ಮೂರನೇ ಗುಂಡಿ ಆಳ ಮಾಡುವಾಗ ಚೋಮಿಯ ಸೀರೆ ಸಿಕ್ತು. ಕೆಂಪಂಚಿನದು. ನಾನೇ ಉಡಿಸಿ ಕಳಿಸಿದ್ದು. ಕೂಗಾಡಿದೆ. ಅದರ ಮೇಲೇ ಸುರಿದ್ರು."

ಮೇಷ್ಟರು ಅಂದೇ ತಾಲ್ಲೂಕು ಕಚೇರಿಗೆ ಅರ್ಜಿ ಬರೆದರು. ಹಳೆಯ ಪತ್ರವನ್ನು ಹಿಂತೆಗೆದುಕೊಂಡರು. ಪುಸ್ತಕದ ಬಿಡುಗಡೆ ರದ್ದಾಯಿತು. ರೆಸಾರ್ಟಿನವರು ಐನೂರು ಪ್ರತಿಗಳನ್ನು ಪಿಕಪ್ಪಿನಲ್ಲಿ ತಂದು, ಮೇಷ್ಟರ ಮನೆಯ ಕಂಪೌಂಡಿನ ಒಳಗೆ ಎಸೆದು ಹೋದರು.

ಹತ್ತು ದಿನಗಳ ಮೇಲೆ ತಹಸೀಲ್ದಾರ್ ಆಶಾರಾಣಿ ಸ್ಥಳ ಪರಿಶೀಲನೆಗೆ ಬಂದರು. ವಯಸ್ಸಿನಲ್ಲಿ ಮೇಷ್ಟರ ಶಿಷ್ಯೆಯಾಗಬಹುದಾದವರು. ಕಂಬಗಳ ನೆರಳಿನಲ್ಲಿ ನಿಂತು ಎರಡು ಕಾಗದಗಳನ್ನು ಅಕ್ಕಪಕ್ಕ ಹಿಡಿದರು.

"ಮೇಷ್ಟ್ರೇ, ಎರಡರಲ್ಲೂ ನಿಮ್ಮದೇ ಸಹಿ. ಒಂದರಲ್ಲಿ ಇದು ಖಾಲಿ ಜಾಗ, ಇನ್ನೊಂದರಲ್ಲಿ ಸ್ಮಶಾನ. ನಾನು ಯಾವುದನ್ನು ನಂಬಲಿ?"

"ಎರಡನೆಯದನ್ನು, ತಾಯಿ."

"ಯಾಕೆ?"

"ಮೊದಲನೆಯದನ್ನು ಬರೆಯುವಾಗ ನಾನು ಚಿತ್ರವನ್ನು ನೋಡಿದ್ದೆ. ಮನುಷ್ಯರನ್ನು ನೋಡಿರಲಿಲ್ಲ."

"ಮೇಡಂ, ಸಾರ್‌ಗೆ ವಯಸ್ಸಾಗಿದೆ," ಎಂದ ನವೀನ್‌ಕುಮಾರ್ ಮೆತ್ತಗೆ. "ಪುಸ್ತಕದಲ್ಲಿ ಅವರೇ ಬರೆದಿದ್ದಾರೆ, ತೊಂಬತ್ತೆರಡನೇ ಪುಟ. 'ಮುನ್ನೆಲೆಯನ್ನು ಖಾಲಿ ಬಿಡುವ ಧೈರ್ಯ' ಅಂತ. ಖಾಲಿ ಅನ್ನೋ ಪದ ಅವರದ್ದೇ."

"ಹೌದು, ನನ್ನದೇ," ಎಂದರು ಮೇಷ್ಟರು. "ನಾನು ಕಲಿತವನು, ಹಾಗಾಗಿ ನನ್ನ ಕುರುಡುತನ ಅಚ್ಚಾಗಿ ನಿಮಗೆ ಒದಗಿತು. ಇವರು ಬಾಯಲ್ಲಿ ಹೇಳಿದ ನಿಜ ಯಾವ ಕಡತದಲ್ಲೂ ಇಲ್ಲ. ಅಷ್ಟೇ ವ್ಯತ್ಯಾಸ." ಅವರು ಚಿತ್ರದ ಪುಟ ತೆರೆದು ತಹಸೀಲ್ದಾರರ ಕೈಗಿತ್ತು, ಚೀಲವಿಲ್ಲದ ಕೈಗಳನ್ನೂ ಗುದ್ದಲಿಯನ್ನೂ ಮಣ್ಣಿನ ಉಬ್ಬನ್ನೂ ಒಂದೊಂದಾಗಿ ತೋರಿಸಿದರು. ಪತ್ರದ ಸಾಲನ್ನು ಓದಿದರು. ಪಾಠ ಮಾಡುವಾಗಿನ ದನಿ ಅವರಿಗೆ ತಾನಾಗಿ ಬಂತು.

ಆಶಾರಾಣಿ ಬಹಳ ಹೊತ್ತು ಚಿತ್ರ ನೋಡಿದರು. ಆಮೇಲೆ ಮಾದನ ಕಡೆ ತಿರುಗಿ, "ಯಾರು ಯಾರು ಎಲ್ಲಿದ್ದಾರೆ, ತೋರಿಸ್ತೀರಾ?" ಎಂದರು. ಮಾದ ನಡೆಯುತ್ತ ಹೇಳಿದ. ಹೆಸರಿಗೊಂದು ಹೆಜ್ಜೆ. ಸರ್ವೆಯವನು ಗೂಟ ನೆಡುತ್ತ ಬಂದ. ಮೂವತ್ತೆಂಟು ಗೂಟಗಳಾದವು. ಮೂರನೆಯ ಕಂಬದ ಬಳಿ ಬಂದಾಗ ಮಾದ ನಿಂತ. ಸರ್ವೆಯವನು ಗೂಟ ಹಿಡಿದು ಅತ್ತ ಇತ್ತ ನೋಡಿದ. ಕಾಂಕ್ರೀಟಿನಲ್ಲಿ ಗೂಟ ಇಳಿಯುವುದಿಲ್ಲ. ಮಾದ ಮುಂದೆ ಹೋದ.

ಆದೇಶ ಫೆಬ್ರವರಿಯ ಕೊನೆಯಲ್ಲಿ ಬಂತು. ದಿಣ್ಣೆಯ ಮೂವತ್ತೊಂದು ಸೆಂಟ್ಸ್ ಹಾಡಿಯವರ ಸ್ಮಶಾನವೆಂದು ಗುರುತಿಸತಕ್ಕದ್ದು; ಮುಂದೆ ಅಲ್ಲಿ ಯಾವ ಕಾಮಗಾರಿಯನ್ನೂ ನಡೆಸಕೂಡದು. ಈಗಾಗಲೇ ನಿಂತಿರುವ ನಾಲ್ಕು ಕಂಬಗಳ ವಿಷಯದಲ್ಲಿ ಮಾಲೀಕರು ನ್ಯಾಯಾಲಯಕ್ಕೆ ಹೋಗಿರುವುದರಿಂದ, ತೀರ್ಪು ಬರುವವರೆಗೆ ಯಥಾಸ್ಥಿತಿ.

"ಎಷ್ಟು ವರ್ಷ ಆಗುತ್ತೆ ತೀರ್ಪಿಗೆ?" ಎಂದು ಜಗುಲಿಯಲ್ಲಿ ನಿಂತು ಮಾದ ಕೇಳಿದ.

"ಗೊತ್ತಿಲ್ಲಪ್ಪ. ನನ್ನ ಕಾಲಕ್ಕೆ ಆಗುತ್ತದೋ ಇಲ್ಲವೋ."

"ಹೂಂ."

"ಆ ನಾಲ್ಕು ದಿನ ನಾನು ಸುಮ್ಮನಿರಬಾರದಿತ್ತು ಮಾದ."

"ಇರಬಾರದಿತ್ತು," ಎಂದ ಮಾದ. ಸಮಾಧಾನದ ಮಾತೊಂದು ಬರುತ್ತದೆಂದು ಮೇಷ್ಟರು ಕಾದರು. ಬರಲಿಲ್ಲ. ಬರಬೇಕೆಂದು ಬಯಸುವ ಹಕ್ಕು ತಮಗಿಲ್ಲವೆಂಬುದೂ ಅವರಿಗೆ ತಿಳಿಯಿತು.

ಮಹಾದೇವಮ್ಮ ಕಾಫಿ ತಂದರು. ಮಾದ ಈ ಸಲ ಬೇಡವೆಂದ. ಗೋಡೆಯ ಪಕ್ಕ ಪೇರಿಸಿದ್ದ ಪುಸ್ತಕಗಳನ್ನು ನೋಡಿ, "ಆ ಚಿತ್ರ ಕೊಡ್ತೀರಾ? ಕೋರ್ಟಿನಲ್ಲಿ ನಮ್ಮ ಹತ್ರಾನೂ ಏನಾದ್ರೂ ಇರಬೇಕು ಅಂದ್ರು ವಕೀಲ್ರು," ಎಂದ.

ಮೇಷ್ಟರು ಒಂದು ಪ್ರತಿ ತೆಗೆದುಕೊಟ್ಟರು. ಮಾದ ಅದನ್ನು ತಿರುವಿ ನೋಡಿ ವಾಪಸು ಚಾಚಿದ.

"ಪುಸ್ತಕ ಬೇಡ ಮೇಷ್ಟ್ರೇ. ಚಿತ್ರ ಸಾಕು."

ಸಿದ್ದಬಸಪ್ಪನವರು ಒಳಗಿನಿಂದ ಬ್ಲೇಡು ತಂದು, ಮೊಣಕಾಲ ಮೇಲೆ ಪುಸ್ತಕವಿಟ್ಟು, ಹೊಲಿಗೆಯ ಅಂಚಿನಲ್ಲಿ ನೇರವಾಗಿ ಪುಟವನ್ನು ಕತ್ತರಿಸಿದರು. ಕೆಳಗೆ 'ಸಂಜೆ, ಕೊಯ್ಲಿನಿಂದ ಮರಳುವವರು' ಎಂದು ಅಚ್ಚಾಗಿತ್ತು. ಆ ಸಾಲನ್ನೂ ಕತ್ತರಿಸಿ ತೆಗೆದು ಚಿತ್ರವನ್ನು ಮಾದನ ಕೈಗೆ ಕೊಟ್ಟರು. ಮಾದ ಅದನ್ನು ಮಡಿಸದೆ, ಎದೆಗೆ ಒತ್ತಿ ಹಿಡಿದು, ಮೆಟ್ಟಿಲಿಳಿದು ಬಸ್‌ಸ್ಟ್ಯಾಂಡಿನ ಕಡೆಗೆ ನಡೆದ.

ಅವನನ್ನು ಕರೆಯಬೇಕೆನಿಸಿತು ಮೇಷ್ಟರಿಗೆ. ಕರೆಯಲಿಲ್ಲ.